ಕೊಲಂಬೊ ಗಾಜಿಗೆ ಸಿರಾ ಕಂಬಳಿ

ಮಧುಗಿರಿ

ಕೊಲಂಬೊಗೆ ಹೋಗಿಬಂದವರು ಸಾಮಾನ್ಯವಾಗಿ ಸಮುದ್ರದ ಸಂಗತಿ ಹೇಳುತ್ತಾರೆ. ನಾನು ಅಂಗಡಿಗಳ ಸಂಗತಿ ಹೇಳಬೇಕಾಗಿದೆ. ಸಮುದ್ರವನ್ನೂ ನೋಡಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಹಟ ಹಿಡಿದು ಅಷ್ಟು ದೂರ ಹೋದದ್ದು ಅಲ್ಲಿಯ ಅಂಗಡಿಗಳ ಗಾಜು ನೋಡುವುದಕ್ಕೆ.

ನಮ್ಮದು ಮಧುಗಿರಿಯ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ, ತಾತನ ಕಾಲದ್ದು. ಎದೆಮಟ್ಟದ ಜಗಲಿ, ಅದಕ್ಕೆ ಕಲ್ಲಿನ ಮೆಟ್ಟಿಲು, ಮೇಲೆ ಬಿಳಿ ಹಾಸಿನ ಗಾದಿ, ಗಾದಿಯ ಹಿಂದೆ ಬೀಗ ಹಾಕಿದ ಬೀರುಗಳು. ಬಂದವರು ಮೆಟ್ಟಿಲು ಹತ್ತಿ ಗಾದಿಯ ಮೇಲೆ ಕೂರಬೇಕು, ಮಳೆ ಬೆಳೆ ವಿಚಾರಿಸಬೇಕು, ಎಲೆಯಡಿಕೆ ಹಾಕಿಕೊಳ್ಳಬೇಕು. ಆಮೇಲೆ ನಮ್ಮಣ್ಣ ವೀರಭದ್ರಪ್ಪ ಎದ್ದು, ಸೊಂಟದ ಬೀಗದಕೈ ಹುಡುಕಿ, ಒಂದೊಂದೇ ಸೀರೆ ತಂದು ಬಿಚ್ಚುತ್ತಾನೆ. ಬೀದಿಯಲ್ಲಿ ಹೋಗುವವರಿಗೆ ನಮ್ಮ ಅಂಗಡಿಯಲ್ಲಿ ಕಾಣುವುದು ಅಣ್ಣ ಒಬ್ಬನೇ. ಒಳ್ಳೆಯ ಮಾಲು ಬೀದಿಗೆ ಬಿದ್ದರೆ ದೃಷ್ಟಿಯಾಗುತ್ತದೆ ಎಂದು ತಾತ ಹೇಳುತ್ತಿದ್ದನಂತೆ. ಅಣ್ಣನಿಗೆ ಅದು ಶಾಸನ.

ಒಂದು ಸಂತೆಯ ದಿನ ಪುರವರದ ಕಡೆಯ ಹೆಂಗಸೊಬ್ಬಳು ಜಗಲಿಯ ಕೆಳಗೆ ನಿಂತು ಕತ್ತೆತ್ತದೆಯೇ ಕೇಳಿದಳು:

"ಹಸ್ರು ಸೀರೆ ಐತಾ ಸಾಮಿ?"

"ಐತೆ ಕಣವ್ವ. ಹತ್ತಿ ಬಾ, ಕೂತ್ಕ" ಎಂದ ಅಣ್ಣ.

"ಬ್ಯಾಡ ಬುಡಿ. ಬಿಚ್ಚಿಸ್ಬುಟ್ಟು ತಗಳ್ದೆ ಹೋದ್ರೆ ನಿಮ್ಗೂ ಬ್ಯಾಸ್ರ, ನಮ್ಗೂ ನಾಚ್ಕೆ. ಅಂಗೇ ಕಣ್ಣಿಗೆ ಬಿದ್ದಿದ್ರೆ ನೋಡ್ಕಂಡು ಹೋಗೋಳು ಅಷ್ಟೇಯ."

ಹೋಗಿಯೇ ಬಿಟ್ಟಳು. ಬೀರುವಿನಲ್ಲಿ ಗಿಳಿ ಹಸಿರು, ಎಲೆ ಹಸಿರು, ಪಾಚಿ ಹಸಿರು, ಎಲ್ಲವೂ ಇತ್ತು. ಕಣ್ಣು ಬೀಳುವುದೆಂದರೆ ಅಣ್ಣನಿಗೆ ಒಂದು ಅರ್ಥ, ಆ ಹೆಂಗಸಿಗೆ ಇನ್ನೊಂದು. ಆ ದಿನದಿಂದ ನನಗೆ ಅದೇ ಧ್ಯಾನವಾಯಿತು. ಜಗಲಿಯ ಬಲಗಡೆ ಒಂದು ಆಳೆತ್ತರದ ಗಾಜು ಹಾಕಿ, ಅದರ ಹಿಂದೆ ನಾಲ್ಕು ಸೀರೆ ಇಳಿಬಿಟ್ಟರೆ ಯಾರೂ ಮೆಟ್ಟಿಲು ಹತ್ತದೆಯೇ ನೋಡಬಹುದಲ್ಲ ಎಂದು ಅಣ್ಣನಿಗೆ ಹೇಳಿದೆ.

"ಲೇ ಸಿದ್ದ, ನಮ್ದು ಜವ್ಳಿ ಅಂಗ್ಡಿನೋ, ಬಯಲಾಟನೋ?" ಎಂದ ಅಣ್ಣ.

ಅದೇ ಹೊತ್ತಿಗೆ ನನ್ನ ಹೆಂಡತಿ ಪಾರ್ವತಿಯ ತಮ್ಮ ಬಸವರಾಜು ಕೊಲಂಬೊದಿಂದ ಬರೆದ. ಅವನು ಅಲ್ಲಿ ಚಹದ ವ್ಯಾಪಾರದ ಆಫೀಸೊಂದರಲ್ಲಿ ಗುಮಾಸ್ತ. ಅಕ್ಕ ಭಾವ ಒಂದು ಸಲ ಬಂದು ಹೋಗಬೇಕೆಂದು ಬರೆದವನು, ಊರೆಲ್ಲ ಗಾಜಿನ ಅಂಗಡಿಗಳೇ ಎಂದೂ ಸೇರಿಸಿದ್ದ. ನಾನು ಓದಿ ಹೇಳಿದಾಗ ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಒಂದು ಮಾತು ಹೇಳಿದ:

"ಹೋಗ್ಬಾ. ಆ ವಕೀಲರ ಡಬ್ಬ ತಗಂಡು ಹೋಗಿ ಪಟ ತಕ್ಕಂಡು ಬಾ. ನನ್ ಕಣ್ಣಿಗೆ ಸರಿ ಕಂಡ್ರೆ ಗಾಜು ಹಾಕ್ಸಾನ. ಇಲ್ಲಾಂದ್ರೆ ಈ ಮಾತ ಇನ್ನೊಂದ್ ದಪ ಎತ್ತಂಗಿಲ್ಲ. ಆಯ್ತಾ?"

ಆಯ್ತು ಎಂದೆ. ಡಬ್ಬವೆಂದರೆ ನಮ್ಮೂರ ವಕೀಲರೊಬ್ಬರ ಕ್ಯಾಮರಾ. ಕಪ್ಪು ಪೆಟ್ಟಿಗೆ, ಮೇಲಿಂದ ಬಗ್ಗಿ ಒಂದು ಪುಟ್ಟ ಗಾಜಿನೊಳಗೆ ನೋಡಿ, ಪಕ್ಕದ ಕಡ್ಡಿ ಒತ್ತಬೇಕು. ಒಂದು ಸುರುಳಿಗೆ ಎಂಟೇ ಪಟ. ಹೊರಡುವ ದಿನ ಅಣ್ಣನೇ ಹಾಸಿಗೆ ಸುತ್ತಿಕೊಟ್ಟ. ಒಳಗೆ ಅವನದೇ ಸಿರಾದ ಕರಿ ಕಂಬಳಿ ಇಟ್ಟಿದ್ದ. ಸೆಕೆಯ ಊರಿಗೆ ಕಂಬಳಿಯೇ ಎಂದರೆ, "ಹೊರದೇಶ ಕಣ್ಲಾ, ಇರ್ಲಿ" ಎಂದ.

ಧನುಷ್ಕೋಡಿ

ರೈಲಿನ ಪ್ರಯಾಣ ಹೇಗೆಂದು ಎಲ್ಲರಿಗೂ ಗೊತ್ತು. ಪಾರ್ವತಿ ಕಟ್ಟಿಕೊಂಡ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಮಧುರೆ ದಾಟುವವರೆಗೂ ಬಂತು. ಸಮುದ್ರ ದಾಟುವವರನ್ನು ಮಂಡಪಂ ಎಂಬಲ್ಲಿ ಇಳಿಸಿ ಡಾಕ್ಟರರು ನಾಲಗೆ, ಕಣ್ಣು ನೋಡುತ್ತಾರೆ. ನಮ್ಮ ನಾಲಗೆಗಳ ಮೇಲೆ ಯಾವ ಆಕ್ಷೇಪಣೆಯೂ ಬರಲಿಲ್ಲ. ಕಂಬಳಿಯ ಮೇಲೆ ಬಂತು. ಇದರಲ್ಲಿ ಏನಿದೆಯೋ ಎಂದು ಅದನ್ನು ಒಯ್ದು ಔಷಧಿಯ ಹೊಗೆ ಕೊಟ್ಟು ತಂದರು. ಕುರಿಯ ವಾಸನೆ ಹೋಗಲಿಲ್ಲ, ಅದರ ಮೇಲೆ ಆಸ್ಪತ್ರೆಯ ವಾಸನೆಯೂ ಸೇರಿತು.

"ಈಗ ಇದನ್ನ ಹೊದ್ರೆ ರೋಗ ಬರುತ್ತೋ, ಹೋಗುತ್ತೋ?" ಎಂದಳು ಪಾರ್ವತಿ.

ಧನುಷ್ಕೋಡಿಯಲ್ಲಿ ಹಡಗು ಹತ್ತುವ ಮುಂಚೆ ಒಬ್ಬ ಶಂಖದ ವ್ಯಾಪಾರಿಯನ್ನು ಕಂಡೆ. ಮರಳಿನ ಮೇಲೆ ಚಾಪೆ ಹಾಸಿ, ದೊಡ್ಡ ಶಂಖ ಕೆಳಗೆ, ಸಣ್ಣದು ಮೇಲೆ, ಕವಡೆ ತುದಿಗೆ ಇಟ್ಟು ದೇವಸ್ಥಾನದ ಗೋಪುರವನ್ನೇ ಕಟ್ಟಿದ್ದ. ಯಾರಾದರೂ ತಳದ ಶಂಖ ಕೇಳಿದರೆ ಏನು ಮಾಡುತ್ತಾನೋ ಎಂದು ನೋಡುತ್ತಾ ನಿಂತೆ. ಒಬ್ಬ ಮುದುಕ ತಳದ್ದನ್ನೇ ಕೇಳಿದ. ವ್ಯಾಪಾರಿ ಅಷ್ಟೇನೂ ಬೇಸರಪಡದೆ ಗೋಪುರವನ್ನೆಲ್ಲ ಕಿತ್ತು, ಅದನ್ನು ಕೊಟ್ಟು, ಮತ್ತೆ ಮೊದಲಿನಿಂದ ಕಟ್ಟತೊಡಗಿದ. ನಾನು ಮೊದಲ ಪಟ ತೆಗೆದೆ. ಆಮೇಲೆ ನೋಡಿದರೆ ಅದರಲ್ಲಿ ಬಂದದ್ದು ನನ್ನ ಹೆಬ್ಬೆರಳು.

ಕೊಲಂಬೊ, ಕೋಟೆ

ಕೊಲಂಬೊದಲ್ಲಿ ಎರಡು ಭಾಗ. ದೊಡ್ಡ ದೊರೆಗಳ ಅಂಗಡಿಗಳಿರುವ ಕಡೆಗೆ ಕೋಟೆಯೆಂಬ ಅರ್ಥದ ಹೆಸರು. ಸಣ್ಣ ವ್ಯಾಪಾರಿಗಳ ಕಡೆಗೆ ಹೆಸರೇ ಪೇಟೆ. ಬಸವರಾಜು ಹೇಳಿದಾಗ ನಾನು ನಂಬಲಿಲ್ಲ. ಸಮುದ್ರ ದಾಟಿ ಬಂದು ಕೋಟೆ, ಪೇಟೆಗಳನ್ನೇ ನೋಡುವ ಹಾಗಾಯಿತಲ್ಲ ಎಂದು ಪಾರ್ವತಿ ನಕ್ಕಳು.

ಆದರೆ ಆ ಕೋಟೆಯ ಅಂಗಡಿಗಳು! ನಮ್ಮ ಏಕಶಿಲೆಯ ಬೆಟ್ಟದ ಮೇಲೆ ಮಳೆ ನಿಂತ ಕೂಡಲೇ ಬಿಸಿಲು ಬಿದ್ದರೆ ಹೇಗೆ ಹೊಳೆಯುತ್ತದೆಯೋ ಹಾಗೆ ಬೀದಿಯುದ್ದಕ್ಕೂ ಗಾಜು. ಒಂದರೊಳಗೆ ಬಿಸ್ಕತ್ತಿನ ಡಬ್ಬಗಳನ್ನು ಪೇರಿಸಿ ದೀಪಸ್ತಂಭ ಮಾಡಿದ್ದರು. ಇನ್ನೊಂದರೊಳಗೆ ಬಿಚ್ಚಿದ ಛತ್ರಿಗಳನ್ನೇ ಅಂಟಿಸಿ ದೊಡ್ಡ ನವಿಲು. ಬಟ್ಟೆಯ ಅಂಗಡಿಯಲ್ಲಿ ಮರದ ಹೆಂಗಸಿಗೆ ರೇಷ್ಮೆ ಸೀರೆ ಉಡಿಸಿ ನಿಲ್ಲಿಸಿದ್ದರು. ನೆರಿಗೆ ಅಚ್ಚುಕಟ್ಟು, ಸೆರಗು ಅಚ್ಚುಕಟ್ಟು, ತಲೆ ಮಾತ್ರ ಇಲ್ಲ.

"ಅಯ್ಯೋ ಶಿವನೇ, ರುಂಡವೇ ಇಲ್ವಲ್ರೀ! ಕುಂಕುಮ ಎಲ್ಲಿಡ್ತಾರೆ?" ಎಂದಳು ಪಾರ್ವತಿ.

"ಅಕ್ಕಾ, ಮೆಲ್ಲಗೆ" ಎಂದ ಬಸವರಾಜು.

"ಸುಮ್ಕಿರೋ. ಇಲ್ಲಿ ನನ್ ಮಾತು ಯಾರಿಗ್ ತಿಳೀತೈತೆ?"

ಅಂಗಡಿಯ ಬಾಗಿಲಲ್ಲಿ ವಯಸ್ಸಾದ ಸಿಂಹಳದವನೊಬ್ಬ ನಿಂತಿದ್ದ. ಅಲ್ಲಿಯ ಹಿರಿಯ ಗಂಡಸರು ಕೂದಲನ್ನು ಹಿಂದಕ್ಕೆ ಬಾಚಿ ಗಂಟು ಹಾಕಿ, ನೆತ್ತಿಯ ಮೇಲೆ ಆಮೆ ಚಿಪ್ಪಿನ ಬಾಗಿದ ಬಾಚಣಿಗೆಯನ್ನು ಹೆಂಗಸರು ಹೂ ಮುಡಿದ ಹಾಗೆ ಮುಡಿಯುತ್ತಾರೆ. ಈತ ನನ್ನ ಡಬ್ಬ ನೋಡಿ ಮುಗುಳ್ನಕ್ಕು, ಗಾಜಿನ ಕಡೆ ಕೈ ತೋರಿಸಿ, "ಬಲನ್ನ, ಬಲನ್ನ" ಎಂದ.

ನಾನು ಬಲಕ್ಕೆ ಸರಿದೆ. ಪಟ ಅಲ್ಲಿಂದ ಚೆನ್ನಾಗಿ ಬರುತ್ತದೆಂದು ಹೇಳುತ್ತಿದ್ದಾನೆ, ಪಾಪ, ತಿಳಿದವನು ಎಂದುಕೊಂಡೆ. ಬಗ್ಗಿ ಕಡ್ಡಿಗೆ ಬೆರಳಿಟ್ಟರೆ ಮತ್ತೆ "ಬಲನ್ನ!" ಇನ್ನೂ ಬಲಕ್ಕೆ ಸರಿದೆ. ಅವನಿಗೆ ಖುಷಿಯಾಗಿರಬೇಕು, ಎರಡೂ ಕೈ ಚಾಚಿ "ಬಲನ್ನ, ಬಲನ್ನ" ಎಂದ. ಇಷ್ಟು ಸರಿದರೂ ಸಾಲದೇ ಎಂದು ಕಣ್ಣನ್ನು ಡಬ್ಬದೊಳಗೇ ಇಟ್ಟುಕೊಂಡು ಇನ್ನೊಂದು ಹೆಜ್ಜೆ ಇಟ್ಟವನು ಚರಂಡಿಯಲ್ಲಿದ್ದೆ. ಒಂದು ಕಾಲು ಮೊಣಕಾಲಿನವರೆಗೆ ನೀರಿನಲ್ಲಿ, ಡಬ್ಬ ಮಾತ್ರ ತಲೆಯ ಮೇಲೆ.

ಬಸವರಾಜು ನಗು ತಡೆಯಲಾರದೆ ಕಂಬ ಹಿಡಿದುಕೊಂಡ. "ಭಾವ, ಅವ್ರ ಭಾಷೇಲಿ ಬಲನ್ನ ಅಂದ್ರೆ ನೋಡಿ ಅಂತ! ನೋಡಿ, ನೋಡಿ ಅಂತ ಕರೀತಾ ಅವ್ನೆ!"

ಬಾಚಣಿಗೆಯ ಮುದುಕನೇ ಬಂದು ಕೈ ಹಿಡಿದು ಎತ್ತಿದ. ಕೊಳ್ಳದೆ ನಿಂತು ನೋಡುವವನನ್ನು ನಮ್ಮಲ್ಲಿ ಯಾರೂ ಹೀಗೆ ಕರೆಯುವುದಿಲ್ಲ. ಇವನ ಕೆಲಸವೇ ಅದು. ಬೀದಿಯಲ್ಲಿ ಹೋಗುವ ಕೂಲಿಯವರಿಗೂ ಹಾಗೆಯೇ ಹೇಳುತ್ತಿದ್ದ. ಅವರು ಬುಟ್ಟಿ ಕೆಳಗಿಟ್ಟು, ನೋಡಿ, ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ಒದ್ದೆ ಕಾಲಿನಲ್ಲೇ ನಿಂತು ಉಳಿದ ಪಟಗಳನ್ನೆಲ್ಲ ತೆಗೆದು ಮುಗಿಸಿದೆ.

ಪೇಟೆ

ಪೇಟೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಸುರುಳಿ ತೊಳೆಸಲು ಕೊಟ್ಟೆವು. ಮಾರನೆಯ ದಿನ ಹೋದಾಗ ಸ್ಟುಡಿಯೋದ ತಮಿಳಿನವನು ಪಟಗಳನ್ನು ಮೇಜಿನ ಮೇಲೆ ಹರಡಿದ. ನಾನು ಬಗ್ಗಿ ನೋಡಿದೆ.

ಒಂದರಲ್ಲೂ ಅಂಗಡಿ ಇರಲಿಲ್ಲ. ಗಾಜು ಕನ್ನಡಿಯಾಗಿ ಎದುರಿನದನ್ನೆಲ್ಲ ಹಿಡಿದಿತ್ತು. ಬಿಸ್ಕತ್ತಿನ ದೀಪಸ್ತಂಭವಿರಬೇಕಾದಲ್ಲಿ ರುಮಾಲು ಸುತ್ತಿದ ನಾನು ಡಬ್ಬದೊಳಗೆ ಬಗ್ಗಿ ನಿಂತಿದ್ದೆ. ನವಿಲಿನ ಜಾಗದಲ್ಲಿ ಟ್ರಾಮ್ ಗಾಡಿ. ರೇಷ್ಮೆ ಸೀರೆಯ ಮೇಲೆ ಬೀದಿಯ ಜನರ ಮುಖಗಳು ತೇಲುತ್ತಿದ್ದವು. ರುಂಡವಿಲ್ಲದ ಆ ಹೆಂಗಸಿಗೆ ಪಾರ್ವತಿಯ ತಲೆ ಸರಿಯಾಗಿ ಕೂತಿತ್ತು.

"ಕುಂಕುಮ ಇಟ್ಟಾಯ್ತಲ್ಲ ಬುಡಿ" ಎಂದಳು ಅವಳು.

ನನಗೆ ನಗು ಬರಲಿಲ್ಲ. ನಾವು ಹೊರಡಲು ಎರಡೇ ದಿನ ಉಳಿದಿತ್ತು. ಇದನ್ನು ತೋರಿಸಿದರೆ ಅಣ್ಣ ಏನೆನ್ನುತ್ತಾನೆಂದು ನನಗೆ ಬಾಯಿಪಾಠವಾಗಿತ್ತು. ಸ್ಟುಡಿಯೋದವನನ್ನು ಕೇಳಿದೆ. ಗಾಜಿನ ಪಟ ತೆಗೆಯುವಾಗ ಬೆನ್ನ ಹಿಂದೆ ದೊಡ್ಡ ಕಪ್ಪು ಬಟ್ಟೆ ಹಿಡಿಯಬೇಕು, ಆಗ ಗಾಜಿನಲ್ಲಿ ಕಪ್ಪೇ ಬಿದ್ದು ಒಳಗಿನದು ಕಾಣುತ್ತದೆ ಎಂದ. ಬಟ್ಟೆ ದಪ್ಪಗಿರಬೇಕು, ಬೆಳಕು ನುಸುಳಬಾರದು. ನಿಮ್ಮಲ್ಲಿದೆಯೇ ಎಂದರೆ, ತನ್ನ ಪರದೆಯಲ್ಲಿ ಇಲಿ ಮಾಡಿದ ತೂತು ತೋರಿಸಿದ.

ಪಾರ್ವತಿ ನನ್ನ ಮುಖ ನೋಡಿದಳು. "ಕಂಬ್ಳಿ ಐತಲ್ರೀ!"

ಆ ಏಳು ಹಾಳು ಪಟಗಳನ್ನು ನಾನು ಅಲ್ಲೇ ಬಿಟ್ಟು ಬರುವವನಿದ್ದೆ. ಅವಳು ಸೆರಗಿನಲ್ಲಿ ಕಟ್ಟಿಕೊಂಡಳು. ಹೆಬ್ಬೆರಳಿನದನ್ನೂ ಬಿಡಲಿಲ್ಲ.

ಮತ್ತೆ ಕೋಟೆ

ಬೆಳಿಗ್ಗೆ ಬಸವರಾಜು ಆಫೀಸಿಗೆ ಹೋದ ಮೇಲೆ ನಾವಿಬ್ಬರೇ ಹೊರಟೆವು. ನನ್ನ ಕೈಯಲ್ಲಿ ಹೊಸ ಸುರುಳಿ ಹಾಕಿದ ಡಬ್ಬ, ಅವಳ ಹೆಗಲ ಮೇಲೆ ಕಂಬಳಿ. ಕೊಲಂಬೊದ ಸೆಕೆಗೆ ಕಲ್ಲೂ ಬೆವರುತ್ತದೆ. ಅಂಥ ಬಿಸಿಲಿನಲ್ಲಿ ಕಂಬಳಿ ಹೊತ್ತ ಹೆಂಗಸನ್ನು ಜನ ಹೇಗೆ ನೋಡಿದರೆಂದು ಬೇರೆ ಹೇಳಬೇಕಿಲ್ಲ. ಅವಳು ಮಾತ್ರ ಯಾವ ಕಡೆಯೂ ನೋಡದೆ ನಡೆದಳು.

ಸೀರೆಯ ಅಂಗಡಿಯ ಮುಂದೆ ನಾನು ಬಗ್ಗಿದೆ. ಅವಳು ಹಿಂದೆ ನಿಂತು ಎರಡು ಕೈಯಲ್ಲಿ ಕಂಬಳಿ ಎತ್ತಿ ಹಿಡಿದಳು. ಕಂಬಳಿ ಭಾರ, ಅವಳು ಗಿಡ್ಡ. ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಇಳಿಯುತ್ತಿತ್ತು. ಡಬ್ಬದೊಳಗೆ ನೋಡಿದರೆ ಅರ್ಧ ಸೀರೆ, ಅರ್ಧ ಟ್ರಾಮ್. ಸುತ್ತ ಜನ ಸೇರಿತು. ಹೊಂಚಿ ನೋಡಲು ಬಂದ ಬೇರೆ ಅಂಗಡಿಯವರೆಂದುಕೊಂಡರೋ ಏನೋ, ಒಳಗಿನಿಂದ ಷರಾಯಿ ಹಾಕಿದವನೊಬ್ಬ ಬಂದು ಇಂಗ್ಲಿಷಿನಲ್ಲಿ ಜೋರುಮಾಡಿದ. ನನಗೆ ಬರುವ ಇಂಗ್ಲಿಷು ಅಷ್ಟು ಜೋರಿಗೆ ಸಾಲದು.

ಆಗ ಜನರ ಹಿಂದಿನಿಂದ ಒಂದು ಕೂಗು ಕೇಳಿತು:

"ಅರೆ ಅಲ್ಲಾ! ಇದು ನಮ್ ಸಿರಾ ಕಂಬ್ಳಿ ಅಲ್ವಾ!"

ಕುತ್ತಿಗೆಗೆ ಅತ್ತರಿನ ಪೆಟ್ಟಿಗೆ ತೂಗುಹಾಕಿಕೊಂಡ ಬಿಳಿ ಗಡ್ಡದವರೊಬ್ಬರು ನುಗ್ಗಿ ಬಂದರು. ನಮ್ಮನ್ನು ನೋಡಲೇ ಇಲ್ಲ. ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದರು.

"ಕುರಿ ನಮ್ದೇ. ಮೇಲೊಂದು ದವಾಖಾನೆ ವಾಸ್ನೆ ಐತೆ, ಅದು ಗೊತ್ತಾಗ್ಲಿಲ್ಲ."

"ಮಧುಗಿರಿಯಿಂದ ಬಂದ್ವಿ" ಎಂದೆ.

"ಮಧುಗಿರಿ? ಹಂಗಾದ್ರೆ ಪಕ್ಕದ್ಮನೆ ಅನ್ನಿ! ನಾನು ಖಾದರ್ ಸಾಬು, ಸಿರಾದ ಕೋಟೆ ಹಿಂದ್ಗಡೆ ಮನೆ. ಇಲ್ಲಿಗ್ ಬಂದು ಗಡ್ಡ ಬೆಳ್ಳಗಾಯ್ತು. ಕೆರೆ ತುಂಬೈತಾ ಈ ಸರಿ?"

"ಕೋಡಿ ಬಿದ್ದೈತೆ" ಎಂದಳು ಪಾರ್ವತಿ, ಕಂಬಳಿಯ ಹಿಂದಿನಿಂದ.

"ಶುಕ್ರ್ ಹೈ. ಅಮ್ಮಾ, ನೀವು ಆ ತುದಿ ಹಿಡೀರಿ, ಈ ತುದಿ ನಂಗ್ ಬುಡಿ."

ಷರಾಯಿಯವನೊಡನೆ ಅವರು ಅವನ ಭಾಷೆಯಲ್ಲೇ ಏನೋ ಹೇಳಿದರು. ಅವನು ನಗುತ್ತಾ ಒಳಗೆ ಹೋದ. ಏನು ಹೇಳಿದಿರಿ ಎಂದರೆ, "ಈ ಸಾಹುಕಾರ್ರು ನಿಮ್ ಅಂಗ್ಡಿ ಪಟಾನ ಅವ್ರ ರಾಜ್ಯದಾಗೆ ಮನೆಮನೇಗೂ ತೋರಿಸ್ತಾರೆ ಅಂದೆ" ಎಂದರು. "ಸುಳ್ಳೇನೂ ಅಲ್ವಲ್ಲ?"

ಖಾದರ್ ಸಾಬರು ಎತ್ತರದ ಆಳು. ಇಬ್ಬರೂ ಹಿಡಿದಾಗ ಕಂಬಳಿ ಗೋಡೆಯ ಹಾಗೆ ನಿಂತಿತು. ಡಬ್ಬದೊಳಗೆ ನೋಡಿದೆ. ಟ್ರಾಮ್ ಹೋಯಿತು, ಬೀದಿ ಹೋಯಿತು, ನಾನೂ ಹೋದೆ. ಒಳಗಿನ ಸೀರೆ ಒಂದೊಂದು ನೆರಿಗೆಯೊಡನೆ ಎದ್ದು ಬಂತು. ಬಾಚಣಿಗೆಯ ಮುದುಕ ಬಾಗಿಲಿನಿಂದ "ಬಲನ್ನ, ಬಲನ್ನ" ಎಂದು ಜನರನ್ನು ಕರೆಯುತ್ತಲೇ ಇದ್ದ. ಈ ಸಲ ಅವರೆಲ್ಲ ನೋಡುತ್ತಿದ್ದದ್ದು ಕಂಬಳಿಯನ್ನು.

ಅಂದು ಸಂಜೆಯವರೆಗೆ ಖಾದರ್ ಸಾಬರು ಅತ್ತರು ಮಾರಲು ಹೋಗಲಿಲ್ಲ. ಛತ್ರಿಯ ನವಿಲು, ಬಿಸ್ಕತ್ತಿನ ದೀಪಸ್ತಂಭ, ಪೇಟೆಯಲ್ಲಿ ತೆಂಗಿನ ನಾರಿನ ಹಗ್ಗದಿಂದ ಮಾಡಿದ ಆನೆ, ಎಲ್ಲ ಕಡೆಗೂ ಬಂದು ತುದಿ ಹಿಡಿದರು. ಬೀಳ್ಕೊಡುವಾಗ ಕಂಬಳಿಯನ್ನು ಅವರೇ ಮಡಿಸಿ, ಕೊಡುವ ಮುಂಚೆ ಒಂದು ಗಳಿಗೆ ಎದೆಗೆ ಒತ್ತಿಕೊಂಡರು. ಇಟ್ಟುಕೊಳ್ಳಿ ಎಂದೆ. "ಬ್ಯಾಡ ಭಾಯಿ. ಇದನ್ನ ಹೊದ್ದು ಮಲಗಿದ್ರೆ ನಾಳೆ ಇಲ್ಲಿ ನಂಗೆ ಎಚ್ಚರ ಆಗಾಕಿಲ್ಲ" ಎಂದು, ಮಡಿಕೆಯೊಳಗೆ ಒಂದು ಹನಿ ಅತ್ತರು ಬಿಟ್ಟು ಕೊಟ್ಟರು.

ತಿರುಗಿ ಮಧುಗಿರಿ

ಊರಿಗೆ ಬಂದ ದಿನ ಸಂಜೆ, ಅಂಗಡಿಯ ಗಾದಿಯ ಮೇಲೆ ಕಂಬಳಿ ಹಿಡಿದು ತೆಗೆದ ಪಟಗಳನ್ನು ಒಂದೊಂದಾಗಿ ಇಟ್ಟೆ. ಅಣ್ಣ ಕನ್ನಡಕ ಹಾಕಿಕೊಂಡು ನೋಡಿದ. ನವಿಲಿಗೆ ತಲೆದೂಗಿದ, ಆನೆಗೆ ಹುಬ್ಬೇರಿಸಿದ. ಸೀರೆಯ ಪಟವನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೆಳಗಿಟ್ಟ.

"ಚಂದಾಗೈತೆ. ಆದ್ರೆ ಸೀರೆನೇ ತಾನೆ? ನಮ್ ಬೀರುನಾಗೂ ಅವೆ. ಇದ್ರಾಗೆ ಹೊಸ್ದೇನು?"

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅಷ್ಟು ದೂರ ಹೋಗಿ, ಕಂಬಳಿ ಹೊತ್ತು, ನಾನು ಗಾಜಿನೊಳಗಿನದನ್ನು ಅಚ್ಚುಕಟ್ಟಾಗಿ ತಂದಿದ್ದೆ. ಅಣ್ಣನಿಗೆ ಅದು ಬೇಕಾಗಿರಲಿಲ್ಲ. ಆಗ ಪಾರ್ವತಿ ಒಳಬಾಗಿಲಿನಿಂದ, "ಭಾವಾ, ಇವೂ ಇದಾವೆ ನೋಡಿ, ನಗಾಡಕ್ಕಾದ್ರೂ ಆಯ್ತವೆ" ಎಂದು ಸೆರಗಿನ ಗಂಟು ಬಿಚ್ಚಿದಳು. ನಾನು ಬೇಡವೆಂದು ಕೈ ಚಾಚುವಷ್ಟರಲ್ಲಿ ಹಾಳು ಪಟಗಳು ಅಣ್ಣನ ಕೈಯಲ್ಲಿದ್ದವು.

ಅವನು ನಗಲಿಲ್ಲ. ಒಂದನ್ನು ದೀಪದ ಹತ್ತಿರ ಹಿಡಿದ. ರೇಷ್ಮೆ ಸೀರೆಯ ಮೇಲೆ ಮುಖಗಳು ತೇಲುತ್ತಿದ್ದ ಪಟ.

"ಇವ್ರೆಲ್ಲ ಯಾರು?"

"ಬೀದಿಯೋರು. ನನ್ ಹಿಂದೆ ನಿಂತು ನೋಡ್ತಿದ್ರು."

"ಇವ್ಳು? ಸೊಂಟದಾಗೆ ಕೂಸು, ತಲೆ ಮೇಲೆ ಪುಳ್ಳೆ ಹೊರೆ?"

"ಕೂಲಿಯೋಳಿರಬೇಕು."

"ಇವ್ಳನ್ನ ಯಾರೂ ಹೋಗು ಅನ್ನಲಿಲ್ವಾ?"

"ನೋಡಿ, ನೋಡಿ ಅಂತ ಕರ್ಯಕ್ಕೇ ಒಬ್ಬ ಆಳು ಅವ್ನೆ ಅಣ್ಣ."

ಅಣ್ಣ ಬಹಳ ಹೊತ್ತು ಆ ಪಟವನ್ನೇ ನೋಡಿದ. ಹೊರೆ ಹೊತ್ತವಳು ಕತ್ತು ಅಲುಗಿಸಲಾಗದೆ, ಕಣ್ಣನ್ನು ಮಾತ್ರ ಮೇಲೆತ್ತಿ ಸೀರೆ ನೋಡುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು.

"ದೃಷ್ಟಿ ಹಾಕೋ ಮುಖ ಅಲ್ಲ ಕಣ್ಲಾ ಇದು" ಎಂದ ಕೊನೆಗೆ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ. "ಆವತ್ತು ಹಸ್ರು ಸೀರೆ ಕೇಳ್ದಳಲ್ಲ, ಅವ್ಳೂ ಹಿಂಗೇ ನಿಂತಿದ್ಲು. ಮೇಲೆ ಕೂತಿದ್ದ ನಂಗೆ ಅವ್ಳ ನೆತ್ತಿ ಒಂದೇ ಕಂಡಿದ್ದು."

ಗಾಜು ಬೆಂಗಳೂರಿನಿಂದ ಬಂತು. ಬಸ್ಸಿನಲ್ಲಿ ಒಡೆಯದ ಹಾಗೆ ಸುತ್ತಿ ತಂದದ್ದು ಅದೇ ಕಂಬಳಿಯಲ್ಲಿ. ಬಿಚ್ಚಿದಾಗ ಕುರಿ, ಔಷಧಿ, ಅತ್ತರು, ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಬಡಗಿ ಚೌಕಟ್ಟು ಕೂರಿಸಿದ ಮೇಲೆ ಅಣ್ಣ ಒಳಗೆ ಹೋಗಿ ಕಾಡಿಗೆ ತಂದು, ಕೂಸಿನ ಕೆನ್ನೆಗೆ ಇಡುವ ಹಾಗೆ ಗಾಜಿನ ಮೂಲೆಗೆ ಒಂದು ಬೊಟ್ಟು ಇಟ್ಟ. ಮುಖ ಎಂಥದೇ ಇರಲಿ, ತಾತನ ಮಾತಿಗೂ ಸ್ವಲ್ಪ ಜಾಗ ಇರಬೇಕಲ್ಲ. ಆಮೇಲೆ ತಾನೇ ಬೀರು ತೆಗೆದು ಹಸಿರು ಸೀರೆಗಳನ್ನೆಲ್ಲ ಹೊರಗೆ ತಂದ. ಪಾರ್ವತಿ ಅವನ್ನು ಸಾಲಾಗಿ ಇಳಿಬಿಟ್ಟಳು.

ಸಂತೆಯ ದಿನ ಜಗಲಿಯ ಕೆಳಗೆ ಹೆಂಗಸರು ನಿಂತರು. ಒಬ್ಬಳು ಬುಟ್ಟಿಯನ್ನೂ ಇಳಿಸಿದಳು. ಪುರವರದವಳು ಬಂದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಮುಖ ನಾನೂ ಅಂದು ಸರಿಯಾಗಿ ನೋಡಿರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಗಾದಿಯ ಮೇಲೆ ಮಿಸುಕಾಡಿದ. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ, ಬೀದಿ ದಾಟಿ ಎದುರಿನ ಬೇವಿನ ಮರದ ಬುಡದಲ್ಲಿ ನಿಂತು ನಮ್ಮ ಅಂಗಡಿಯ ಕಡೆ ತಿರುಗಿದ. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲೇ ಕೂತವನು, ಅಲ್ಲಿಂದ ಅದನ್ನು ನಿಂತು ನೋಡಿದ್ದು ಅದೇ ಮೊದಲಿರಬೇಕು.

ವಕೀಲರ ಡಬ್ಬ ಅಂದು ನನ್ನ ಕೈಯಲ್ಲೇ ಇತ್ತು. ಗಾಜಿನ ಮುಂದೆ ಬಗ್ಗಿದೆ. ಕಂಬಳಿ ತರಲು ಹೊರಟ ಪಾರ್ವತಿಯನ್ನು ಬೇಡವೆಂದು ತಡೆದೆ. ಡಬ್ಬದೊಳಗೆ ಸೀರೆಗಳ ಮೇಲೆ ಹೆಂಗಸರ ಮುಖಗಳು ಬಂದವು, ಬೇವಿನ ಮರ ಬಂತು, ಅದರ ಆಚೆ ಬೆಟ್ಟದ ಬೋಳು ನೆತ್ತಿಯೂ ಬಂತು. ಅಣ್ಣ ಮಾತ್ರ ಮರದ ಮರೆಯಲ್ಲಿದ್ದ.

"ಅಣ್ಣಾ, ಬಲನ್ನ!" ಎಂದು ಕೂಗಿದೆ.

ಅಣ್ಣ ಬಲಕ್ಕೆ ಸರಿದ. ಮರದ ಮರೆಯಿಂದ ಅವನ ಮುಖ ಹೊರಬಂದು ಗಿಳಿ ಹಸಿರು ಸೀರೆಯ ಮೇಲೆ ಬಿತ್ತು. ಕಡ್ಡಿ ಒತ್ತಿದೆ.